ಮನೆಮಾತಿನ ಲೆಕ್ಕ, ಊರಮಾತಿನ ಲೆಕ್ಕ

ಕಾಸರಗೋಡಿನ ಕನ್ನಡಿಗರು ತಮ್ಮನ್ನು ಕನ್ನಡಿಗರೆಂದು ಕರೆದುಕೊಳ್ಳುವುದಕ್ಕೆ ಇರುವ ಆಧಾರವನ್ನು ಒಳನಾಡಿನವರು ಅಷ್ಟಾಗಿ ಗಮನಿಸಿದಂತಿಲ್ಲ. ಅಲ್ಲಿ ಮನೆಯೊಳಗೆ ಆಡುವುದು ತುಳು, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕರ ಮಾತು. ಪೇಟೆಗೆ ಇಳಿದರೆ ಮಲಯಾಳ. ಕನ್ನಡ ಇರುವುದು ಶಾಲೆಯಲ್ಲಿ, ಯಕ್ಷಗಾನದ ಅರ್ಥಗಾರಿಕೆಯಲ್ಲಿ, ಪತ್ರಿಕೆಯಲ್ಲಿ, ಹಳೆಯ ಭೂದಾಖಲೆಯಲ್ಲಿ, ಮದುವೆಯ ಆಮಂತ್ರಣದಲ್ಲಿ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಾಸರಗೋಡು ಕರ್ನಾಟಕದೊಂದಿಗೆ ವಿಲೀನವಾಗಲೆಂದು ಬದುಕಿಡೀ ದನಿಯೆತ್ತಿದ ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಚಂದ್ರಗಿರಿ ಹೊಳೆಯ ಉತ್ತರದ ನೆಲ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದನ್ನು ಇವತ್ತಿಗೂ ನೆನೆಯುವ ನಾವು, ಜನಗಣತಿಯ ತಾಯಿನುಡಿಯ ಕಲಮು ಒಂದನ್ನೇ ಹಿಡಿದು ಎಣಿಸಿದರೆ ಈ ಇಬ್ಬರನ್ನೂ ಕನ್ನಡದ ಲೆಕ್ಕದಿಂದ ಹೊರಗಿಡಬೇಕಾಗುತ್ತದೆ. ಹಾಗೆ ಯಾರೂ ಮಾಡುವುದಿಲ್ಲ. ಒಬ್ಬ ಮನುಷ್ಯ ಯಾವ ಭಾಷೆಯಲ್ಲಿ ಓದಿ, ವ್ಯವಹಾರ ಮಾಡಿ, ನೆರೆಯವರೊಂದಿಗೆ ಬಾಳುತ್ತಾನೋ ಅದೂ ಅವನ ಭಾಷೆಯೇ ಎಂಬ ಅಳತೆಯನ್ನು ಗಡಿನಾಡು ಒಪ್ಪಿಕೊಂಡಿದೆ. ಅದೇ ಅಳತೆಯನ್ನು ಮಲೆನಾಡಿನ ಹೆಬ್ಬಾಗಿಲಾದ ಶಿವಮೊಗ್ಗಕ್ಕೂ ಪಕ್ಕದ ಭದ್ರಾವತಿಗೂ ಅನ್ವಯಿಸಬೇಕು ಎಂಬುದು ನನ್ನ ವಾದ. ‘ಭದ್ರಾವತಿಯಲ್ಲಿ ಕನ್ನಡಿಗರು ಎಷ್ಟಿದ್ದಾರೆ ಬಿಡಿ’ ಎಂದು ಹಗುರವಾಗಿ ಆಡುವ ಮಾತು ತಪ್ಪು ಲೆಕ್ಕದಿಂದ ಹುಟ್ಟಿದ್ದು.

ಆ ಊರು ಕಟ್ಟಿಕೊಂಡ ರೀತಿಯನ್ನೇ ನೋಡಿ. ಹಳೆಯ ಹೆಸರು ಬೆಂಕಿಪುರ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನದ ಸುತ್ತ ಇದ್ದ ಒಂದು ಸಣ್ಣ ಊರು. ವಿಶ್ವೇಶ್ವರಯ್ಯನವರ ಯೋಜನೆಯ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು. ಅದಿರು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಸುತ್ತಲ ಕಾಡಿನಿಂದ, ನೀರು ಭದ್ರೆಯಿಂದ ಬಂತು. ಆದರೆ ಕುಲುಮೆಯ ಮುಂದೆ ನಿಲ್ಲುವ ಅಷ್ಟು ಕೈಗಳು ಬೆಂಕಿಪುರದಲ್ಲಿ ಇರಲಿಲ್ಲ. ತಮಿಳು, ತೆಲುಗು, ಮಲಯಾಳ, ಉರ್ದು ಮನೆಮಾತಿನವರು ಬಂದರು, ಬಯಲುಸೀಮೆಯ ಕನ್ನಡಿಗರೂ ಬಂದರು. 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಎದ್ದ ಮೇಲೆ ಇನ್ನೊಂದು ಅಲೆ. ನ್ಯೂಟೌನ್, ಪೇಪರ್‌ಟೌನ್ ಎಂಬ ಹೆಸರುಗಳೇ ಊರಿನ ಹುಟ್ಟನ್ನು ಹೇಳುತ್ತವೆ. ಇಲ್ಲಿ ಬೀದಿ ಬೆಳೆದದ್ದು ಜಾತಿಯ ಕೇರಿಯಾಗಿ ಅಲ್ಲ, ಕ್ವಾಟ್ರಸ್ಸಿನ ಸಾಲಾಗಿ. ಯಾರಿಗೆ ಯಾವ ಮನೆ ಎಂಬುದು ಬಹುಮಟ್ಟಿಗೆ ಹುದ್ದೆಯ ಮೇಲೆ ತೀರ್ಮಾನವಾಗುತ್ತಿದ್ದ ಕಡೆ, ತಮಿಳಿನ ಅಡುಗೆಮನೆಗೆ ಉರ್ದುವಿನ ಗೋಡೆ ಅಂಟಿಕೊಂಡಿರುತ್ತಿತ್ತು. ಆ ಗೋಡೆಯ ಆಚೀಚೆ ಸಕ್ಕರೆ ಕೇಳಲು, ನಲ್ಲಿಯ ಸರದಿಗೆ ಜಗಳವಾಡಲು, ಶಿಫ್ಟು ಬದಲಿಸಿಕೊಳ್ಳಲು ಒಂದು ಭಾಷೆ ಬೇಕಾಯಿತು. ಆ ಭಾಷೆ ಕನ್ನಡವಾಯಿತು. ಯಾರೂ ಆಜ್ಞೆ ಹೊರಡಿಸಿ ಮಾಡಿದ್ದಲ್ಲ. ‘ಮೂರನೇ ಶಿಫ್ಟಿಗೆ ಹೋಗ್ಬೇಕು, ಓಟಿ ಇದೆ’ ಎಂಬ ವಾಕ್ಯದಲ್ಲಿ ನಾಮಪದಗಳೆಲ್ಲ ಕಾರ್ಖಾನೆಯವು, ಅವನ್ನು ಹಿಡಿದು ನಿಲ್ಲಿಸಿದ ವಿಭಕ್ತಿ, ಕ್ರಿಯಾಪದಗಳು ಕನ್ನಡದವು. ಭಾಷೆಯ ಕಸುವು ಇರುವುದು ಈ ಹಿಡಿತದಲ್ಲಿ.

ಜನಗಣತಿಯ ತಾಯಿನುಡಿಯ ಪಟ್ಟಿಗೆ ಈ ಹಿಡಿತ ಕಾಣುವುದಿಲ್ಲ. ತಾಯಿ ಬಾಲ್ಯದಲ್ಲಿ ಮಗುವಿನೊಂದಿಗೆ ಆಡಿದ ಮಾತು ತಾಯಿನುಡಿ ಎಂಬುದು ಗಣತಿಯ ವ್ಯಾಖ್ಯೆ. ವ್ಯಾಖ್ಯೆ ಸರಿಯಾದದ್ದೇ. ತೊಡಕು ಆಮೇಲಿನದು. 2011ರ ಗಣತಿಯಲ್ಲಿ ದೇಶದ ಜನ ಹೇಳಿದ ಹೆಸರುಗಳು 19,569. ಅವನ್ನು ಸೋಸಿ, ಗುಂಪು ಮಾಡಿ 121 ಭಾಷೆಗಳಿಗೆ ಇಳಿಸಲಾಯಿತು. ಈ ಸೋಸುವಿಕೆಯಲ್ಲಿ ಲಂಬಾಣಿ ಹೋಗಿ ಕುಳಿತದ್ದು ಹಿಂದಿಯ ಕೆಳಗೆ. ಶಿವಮೊಗ್ಗ, ಭದ್ರಾವತಿಯ ಸುತ್ತಲಿನ ತಾಂಡಾಗಳಲ್ಲಿ ಲಂಬಾಣಿ ಆಡಿ, ಕನ್ನಡ ಶಾಲೆಯಲ್ಲಿ ಕಲಿತು, ಸಂತೆಯಲ್ಲಿ ಕನ್ನಡದಲ್ಲಿ ಚೌಕಾಸಿ ಮಾಡುವ ಹೆಂಗಸು ದೆಹಲಿಯ ಪಟ್ಟಿಯಲ್ಲಿ ಹಿಂದಿಯವಳು. ಶಿವಮೊಗ್ಗದ ಪಕ್ಕದ ಮತ್ತೂರನ್ನು ಎಲ್ಲ ಪತ್ರಿಕೆಗಳೂ ಸಂಸ್ಕೃತ ಗ್ರಾಮವೆಂದು ಬಣ್ಣಿಸುತ್ತವೆ. ತುಂಗೆಯ ದಡದ ಆ ಊರಿನ ಸಂಕೇತಿಗಳ ಮನೆಯೊಳಗಿನ ಮಾತು ಸಂಕೇತಿ. ತಮಿಳು, ಮಲಯಾಳ, ಕನ್ನಡ ಮೂರರ ಬೇರೂ ಸೇರಿ ಬೆಳೆದ ನುಡಿ. ಅದಕ್ಕೆ ಪಟ್ಟಿಯಲ್ಲಿ ಪ್ರತ್ಯೇಕ ಸಾಲೇ ಇಲ್ಲ. ಶಿವಮೊಗ್ಗದ ಬಳಿಯ ಸದಾಶಿವಪುರದ ಹಕ್ಕಿಪಿಕ್ಕಿಗಳ ವಾಗ್ರಿಬೋಲಿಯ ಪಾಡೂ ಅಷ್ಟೆ.

ಉರ್ದು ಎಂಬ ಒಂದೇ ಪದದ ಕೆಳಗೆ ಬರುವುದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಶಿವಮೊಗ್ಗದ ಮುಸ್ಲಿಂ ಮನೆಗಳಲ್ಲಿ ಕೇಳುವುದು ಹೆಚ್ಚಾಗಿ ದಖನಿ. ‘ಬರ್ತೀನಿ ಅಂತ ಹೇಳ್ದ’ ಎನ್ನುವುದನ್ನು ದಖನಿಯಲ್ಲಿ ‘ಆತೂಂ ಬೋಲ್ಕೆ ಬೋಲ್ಯಾ’ ಎನ್ನುತ್ತಾರೆ. ಲಖನೌದವರು ‘ಹೇಳಿದ’ ಎಂಬುದನ್ನು ಮೊದಲಿಟ್ಟು, ‘ಕಿ’ ಸೇರಿಸಿ, ಹೇಳಿದ್ದನ್ನು ಆಮೇಲೆ ತರುತ್ತಾರೆ. ದಖನಿ ಹಾಗೆ ಮಾಡದೆ ನಮ್ಮ ‘ಅಂತ’ದ ಜಾಗದಲ್ಲೇ ‘ಬೋಲ್ಕೆ’ಯನ್ನು ಕೂರಿಸುತ್ತದೆ. ಪದ ಉತ್ತರದ್ದು, ವಾಕ್ಯದ ಎಲುಬು ದಕ್ಷಿಣದ್ದು. ಶತಮಾನಗಳ ನೆರೆಹೊರೆ ಇಲ್ಲದೆ ಒಂದು ಭಾಷೆಯ ಎಲುಬು ಹೀಗೆ ಬಾಗುವುದಿಲ್ಲ. ಇದನ್ನು ಆಡುವವರನ್ನು ಹೊರಗಿನವರೆಂದು ಕರೆಯುವವರು ಒಮ್ಮೆ ಈ ವಾಕ್ಯವನ್ನು ಕಿವಿಗೊಟ್ಟು ಕೇಳಬೇಕು. 2006ರಲ್ಲಿ ಶಿವಮೊಗ್ಗದಲ್ಲಿ ನಡೆದ 73ನೇ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿದ್ದವರು ಅದೇ ಊರಿನ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದ್ದ ಕೆ.ಎಸ್. ನಿಸಾರ್ ಅಹಮದ್ ಎಂಬುದನ್ನು ಊರು ಇನ್ನೂ ಮರೆತಿಲ್ಲ.

ನನ್ನ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ವ್ಯವಹಾರಕ್ಕಷ್ಟೇ ಕಲಿತ ಕನ್ನಡ ಮೇಲ್ಮೈಯದು, ಮನೆಯೊಳಗೆ ಬೇರೂರದ ಭಾಷೆ ಗಾಳಿ ಬೀಸಿದತ್ತ ವಾಲುತ್ತದೆ, ಬೆಂಗಳೂರನ್ನು ನೋಡಿ ಎನ್ನುತ್ತಾರೆ. ಬೆಂಗಳೂರಿನ ಆತಂಕ ನಿಜವಾದದ್ದು; ಸರೋಜಿನಿ ಮಹಿಷಿ ವರದಿ 1980ರ ದಶಕದಲ್ಲೇ ಸ್ಥಳೀಯರ ಉದ್ಯೋಗದ ಪ್ರಶ್ನೆಯನ್ನು ಮುಂದಿಟ್ಟಿತ್ತು. ಆದರೆ ಬೆಂಗಳೂರಿಗೂ ಭದ್ರಾವತಿಗೂ ಇರುವ ವ್ಯತ್ಯಾಸ ಬಂದವರ ಸಂಖ್ಯೆಯದಲ್ಲ. ಭದ್ರಾವತಿಗೆ ಬಂದವನು ಕನ್ನಡವಿಲ್ಲದೆ ದಿನ ದೂಡುವಂತಿರಲಿಲ್ಲ. ಫೋರ್‌ಮನ್ ಜೊತೆ, ಸಂಘದ ಸಭೆಯಲ್ಲಿ, ಸೊಸೈಟಿಯ ಅಂಗಡಿಯಲ್ಲಿ ಅದು ಬೇಕಿತ್ತು. ಬೆಂಗಳೂರಿನ ಹೊಸ ಕಚೇರಿಗಳಲ್ಲಿ ಕನ್ನಡವಿಲ್ಲದೆ ಹತ್ತು ವರ್ಷ ಕಳೆಯಬಹುದು. ಮನೆಮಾತು ಬೇರೆ ಇರುವುದರಿಂದ ಕನ್ನಡ ಸೊರಗುವುದಿಲ್ಲ, ಕನ್ನಡದ ಅಗತ್ಯ ಬೀಳುವ ಜಾಗಗಳು ಇಲ್ಲವಾದಾಗ ಸೊರಗುತ್ತದೆ. ಕಾಸರಗೋಡಿನಲ್ಲಿ ಕನ್ನಡ ಶಾಲೆಯೊಂದು ಮುಚ್ಚಿದಾಗ ನಮಗೆ ಎದೆ ಹಿಂಡುವುದು ಇದೇ ಕಾರಣಕ್ಕೆ.

ಇನ್ನೊಂದು ಆಕ್ಷೇಪ ಹೆಚ್ಚು ನೋವಿನದು. ಎಲ್ಲರೂ ಒಂದೇ ಕನ್ನಡ ಆಡುವ ಶಿವಮೊಗ್ಗದಲ್ಲಿ 2022ರ ಫೆಬ್ರುವರಿಯಲ್ಲಿ ಕೋಮುಗಲಭೆಯಿಂದ ಕರ್ಫ್ಯೂ ಹಾಕಬೇಕಾಗಿ ಬಂತಲ್ಲ, ಊರಮಾತು ಏನನ್ನು ತಡೆಯಿತು ಎಂದು ಕೇಳಬಹುದು. ತಡೆಯಲಿಲ್ಲ. ಭಾಷೆ ಸೌಹಾರ್ದಕ್ಕೆ ಜಾಮೀನಲ್ಲ ಎಂಬುದನ್ನು ಒಪ್ಪಲೇಬೇಕು. ಬೈಗುಳವೂ ಅದೇ ಭಾಷೆಯಲ್ಲಿ ಹೊರಡುತ್ತದೆ. ಆದರೂ ಜಗಳದ ಮರುದಿನ ರಾಜಿಗೆ ಕೂರಲು ದುಭಾಷಿ ಬೇಕಾಗದಿರುವುದು ಸಣ್ಣ ಸಂಗತಿಯಲ್ಲ. ಮನೆಗಳು ಧರ್ಮದ ಪ್ರಕಾರ ಬೇರೆಬೇರೆ ಬಡಾವಣೆಗಳಿಗೆ ಸರಿದಷ್ಟೂ ಆ ಅನುಕೂಲ ಕರಗುತ್ತದೆ. ಕ್ವಾಟ್ರಸ್ಸಿನ ಒಂದೇ ಗೋಡೆ ಹಂಚಿಕೊಂಡಿದ್ದಕ್ಕೂ ಬಡಾವಣೆಗೊಂದು ಧರ್ಮವಾಗುವುದಕ್ಕೂ ಇರುವ ಅಂತರ ಇಲ್ಲಿದೆ.

ಅದಕ್ಕೇ ಭದ್ರಾವತಿಯ ಈಗಿನ ಸ್ಥಿತಿ ನನ್ನನ್ನು ಕಾಡುತ್ತದೆ. ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಹೊರಬಿತ್ತು, ಕಾರ್ಮಿಕರು ಬೀದಿಗಿಳಿದರು. ಊರಿನ ಜನಸಂಖ್ಯೆ ಅದಕ್ಕೂ ಮೊದಲೇ ಇಳಿಮುಖವಾಗಿತ್ತು: 2001ರಲ್ಲಿ ಸುಮಾರು 1.60 ಲಕ್ಷವಿದ್ದದ್ದು 2011ಕ್ಕೆ ಸುಮಾರು 1.51 ಲಕ್ಷ. ಇದೇ ಹತ್ತು ವರ್ಷದಲ್ಲಿ ಹದಿನೆಂಟು ಕಿಲೋಮೀಟರಿನಷ್ಟು ದೂರದ ಶಿವಮೊಗ್ಗ ನಗರ 2.74 ಲಕ್ಷದಿಂದ 3.22 ಲಕ್ಷಕ್ಕೆ ಬೆಳೆಯಿತು. ಕಾರ್ಖಾನೆ ಸೊರಗಿದರೆ ನಷ್ಟ ಉದ್ಯೋಗದ್ದು ಎಂದಷ್ಟೇ ನಾವು ಬರೆಯುತ್ತೇವೆ. ನಾಲ್ಕಾರು ಮನೆಮಾತಿನ ಮಕ್ಕಳಿಗೆ ನೂರು ವರ್ಷ ಪುಕ್ಕಟೆಯಾಗಿ ಕನ್ನಡ ಕಲಿಸಿದ ಒಂದು ದೊಡ್ಡ ಶಾಲೆಯೂ ಅದರೊಂದಿಗೆ ಬಾಗಿಲು ಹಾಕುತ್ತದೆ. ಕನ್ನಡ ಸಂಘಟನೆಗಳು ನಾಮಫಲಕಕ್ಕಾಗಿ ಹೋರಾಡುವಷ್ಟೇ ಬಿರುಸಿನಿಂದ ಈ ಕಾರ್ಖಾನೆಗಳಿಗಾಗಿ ಹೋರಾಡಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಈ ಅಳತೆ ಹಿಡಿದರೆ ನಮ್ಮ ಮೇಲೂ ಒಂದು ಹೊಣೆ ಬೀಳುತ್ತದೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣ ಒದಗಿಸಬೇಕೆನ್ನುತ್ತದೆ. ಕಾಸರಗೋಡಿಗೆ ಇದನ್ನು ಉಲ್ಲೇಖಿಸಿ ಕೇರಳ ಸರಕಾರಕ್ಕೆ ಮನವಿ ಕೊಡುವ ನಾವು, ಶಿವಮೊಗ್ಗದ ಉರ್ದು ಶಾಲೆಗೆ ಶಿಕ್ಷಕರಿಲ್ಲವೆಂದಾಗಲೂ ಭದ್ರಾವತಿಯ ತಮಿಳು ಮಕ್ಕಳು ತಮ್ಮ ನುಡಿಯಲ್ಲಿ ಓದಲು ಬಯಸಿದಾಗಲೂ ಅದೇ ದನಿಯಲ್ಲಿ ಮಾತಾಡಬೇಕು. ಮುಂದಿನ ಗಣತಿ 2027ರದು. ಜಾತಿಯ ಕಲಮಿನ ಬಗ್ಗೆ ಎಲ್ಲರೂ ಚರ್ಚಿಸುತ್ತಿದ್ದಾರೆ. ತಾಯಿನುಡಿಯ ನಂತರ 2011ರಲ್ಲಿ ಕೇಳಿದ್ದ ಪ್ರಶ್ನೆಯ ಕಡೆ ಯಾರ ಗಮನವೂ ಇಲ್ಲ. ತಾಯಿನುಡಿಯ ಹೊರತು ಬಲ್ಲ ಇನ್ನೆರಡು ಭಾಷೆ ಯಾವುವು ಎಂಬುದು ಆ ಪ್ರಶ್ನೆ. ಅದರ ಉತ್ತರವನ್ನು ರಾಜ್ಯದ ಮೊತ್ತವಾಗಿ ಕೊಟ್ಟು ಸುಮ್ಮನಾಗದೆ, ತಾಯಿನುಡಿಯ ಪಟ್ಟಿಯಂತೆ ಪಟ್ಟಣವಾರು ಪ್ರಕಟಿಸುವಂತೆ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಈಗಲೇ ಕೇಳಬೇಕು. ನ್ಯೂಟೌನಿನ ತಮಿಳು ಮನೆಯಲ್ಲಿ, ತಾಂಡಾದ ಲಂಬಾಣಿ ಮನೆಯಲ್ಲಿ, ಮತ್ತೂರಿನ ಸಂಕೇತಿ ಜಗಲಿಯಲ್ಲಿ ಆ ಎರಡನೇ ಸಾಲಿನಲ್ಲಿ ಬರೆಯುವ ಪದ ಹೆಚ್ಚಿನ ಕಡೆ ಒಂದೇ ಆಗಿರುತ್ತದೆ.