ಎಂತ ಕೊಯ್ಯಲಿಕ್ಕೆ?

ಕಳೆದ ಪೆರ್ನಾಲಿಗೆ ಅಕ್ಕನ ಮಗ ಮನೆಗೆ ಬಂದಿದ್ದ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಮುಗಿಸಿ ಗಲ್ಫಿನ ವೀಸಾಕ್ಕೆ ಕಾಯುತ್ತಿರುವ ಹುಡುಗ. ಊಟ ಆದ ಮೇಲೆ ಮೊಬೈಲ್ ಹಿಡಿದುಕೊಂಡು ನನ್ನ ಪಕ್ಕ ಬಂದು ಕುಳಿತ.

"ಮಾಮ, ನಿಮಗೆ ಕಬ್ಬಿಣದ್ದೆಲ್ಲ ಗೊತ್ತುಂಟಲ್ಲ, ಇದರಲ್ಲಿ ಯಾವ ಸೈಜ್ ಒಳ್ಳೆಯದು?"

ನೋಡಿದರೆ ಕೊಕ್ಕೆಯ ಹಾಗೆ ಬಾಗಿದ ಮಡಚುವ ಚಾಕು. ಹಿಡಿಯ ತುದಿಯಲ್ಲಿ ಬೆರಳು ತೂರಿಸಲು ಒಂದು ಬಳೆ. ಹೆಸರು ಕರಂಬಿಟ್. ಅವನು ಅದನ್ನು ಮೊದಲು ಕಂಡದ್ದು ಕೌಂಟರ್ ಸ್ಟ್ರೈಕ್ ಎಂಬ ಕಂಪ್ಯೂಟರ್ ಆಟದಲ್ಲಂತೆ.

ಆ ಪ್ರಶ್ನೆ ಕೇಳಿ ನನಗೆ ನೆನಪಾದದ್ದು ನಮ್ಮ ಅಂಗಡಿ. ಅಡೂರಿನಲ್ಲಿ ಉಪ್ಪ ಅಂಗಡಿ ಇಟ್ಟದ್ದು ನಾನು ಹುಟ್ಟುವ ಮೊದಲು. ಒಂದು ಬದಿಯಲ್ಲಿ ಅಕ್ಕಿ, ಸಕ್ಕರೆ, ಚಹಾಪುಡಿ. ಇನ್ನೊಂದು ಬದಿಯಲ್ಲಿ ಹಗ್ಗ, ಬುಟ್ಟಿ, ಹಾರೆ, ಕತ್ತಿ. ಕಂಗಿನ ತೋಟದವರು, ರಬ್ಬರ್ ಟ್ಯಾಪಿಂಗಿನವರು, ಹುಲ್ಲು ತರುವ ಹೆಂಗಸರು ಎಲ್ಲರೂ ಬರುತ್ತಿದ್ದರು. ತುಳು, ಕನ್ನಡ, ಮಲಯಾಳ, ಬ್ಯಾರಿ, ಯಾವ ಭಾಷೆಯಲ್ಲಿ ಕತ್ತಿ ಕೇಳಿದರೂ ಉಪ್ಪ ಆ ಭಾಷೆಯಲ್ಲೇ ತಿರುಗಿ ಕೇಳುತ್ತಿದ್ದದ್ದು ಒಂದೇ ಮಾತು: "ಎಂತ ಕೊಯ್ಯಲಿಕ್ಕೆ?"

ಹುಲ್ಲಿಗೆ ಆದರೆ ಬಾಯಿ ಬಾಗಿದ್ದು. ಸೌದೆಗೆ ಆದರೆ ತೂಕದ್ದು. ಟ್ಯಾಪಿಂಗಿಗೆ ಆದರೆ ತುದಿ ಮಡಚಿದ ಬೇರೆಯೇ ಕತ್ತಿ. ಗೋಣಿ ಹೊಲಿಗೆ ಬಿಚ್ಚಲು, ಹಗ್ಗ ತುಂಡು ಮಾಡಲು ಸಣ್ಣ ಪೀಶಕತ್ತಿ. ಆಮೇಲೆ ಕೊಳ್ಳುವವರ ಅಂಗೈ ನೋಡುತ್ತಿದ್ದರು. ಹೆಂಗಸರಿಗೆ ದಪ್ಪ ಹಿಡಿ ಕೊಡುತ್ತಿರಲಿಲ್ಲ.

ಒಮ್ಮೆ ಮಗ್ರಿಬ್ ಹೊತ್ತಿಗೆ ಒಬ್ಬರು ಬಂದರು. ಗುರುತಿನವರೇ. ಬೇಲಿಯ ವಿಷಯದಲ್ಲಿ ನೆರೆಮನೆಯವರೊಟ್ಟಿಗೆ ಜಗಳ ನಡೆಯುತ್ತಿದೆ ಎಂದು ಊರಿಗೇ ಗೊತ್ತಿತ್ತು. ಕತ್ತಿ ಬೇಕು ಎಂದರು. ಉಪ್ಪ ಎಂದಿನ ಹಾಗೆ ಕೇಳಿದರು. ಅವರು ಉತ್ತರ ಹೇಳಲಿಲ್ಲ. ಹಿಂದಿನ ಗೋಡೆಯಲ್ಲಿ ಆರೇಳು ಕತ್ತಿ ತೂಗಾಡುತ್ತಿದ್ದರೂ ಉಪ್ಪ "ಇವತ್ತು ಕತ್ತಿ ಇಲ್ಲ, ಕೂತುಕೊಳ್ಳಿ, ಚಾ ಕುಡಿಯುವ" ಎಂದು ಸ್ಟೂಲು ಎಳೆದರು. ಅವರು ಗೋಡೆ ನೋಡಿದರು, ಉಪ್ಪನ ಮುಖ ನೋಡಿದರು, ಕುಳಿತರು. ಮರುದಿನ ಬೆಳಿಗ್ಗೆ ಬಂದು ಒಂದು ಕಿಲೋ ಸಕ್ಕರೆ ಕೊಂಡು ಹೋದರು. ಆ ವಿಷಯ ಇಬ್ಬರೂ ಮತ್ತೆ ಎತ್ತಲಿಲ್ಲ. ನಾನು ಆಗ ಏಳನೇ ಕ್ಲಾಸು.

ಹಾಗಾಗಿ ಅಕ್ಕನ ಮಗನಿಗೆ ಬೈಯಲಿಲ್ಲ. ಬೈದರೆ ನನಗೆ ಹೇಳದೆ ತರಿಸಿಕೊಳ್ಳುತ್ತಿದ್ದ. ಉಪ್ಪನ ಪ್ರಶ್ನೆಯನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೇಬಲ್ ಸಿಪ್ಪೆ ತೆಗೆಯಲಿಕ್ಕೂ ಆಗ್ತದಲ್ಲ ಮಾಮ" ಎಂದ. ಸರಿ, ಆ ಲೆಕ್ಕದಲ್ಲೇ ನೋಡುವ ಎಂದೆ.

ಕರಂಬಿಟ್ ಮೊದಲು ಆಯುಧವಲ್ಲ, ರೈತನ ಕತ್ತಿ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಮಿನಾಂಗ್‌ಕಬಾವ್ ಜನರದ್ದು ಎನ್ನುತ್ತಾರೆ. ಬೇರು ಕೆದಕಲು, ಭತ್ತದ ಕೆಲಸಕ್ಕೆ ಬಳಸುತ್ತಿದ್ದರಂತೆ. ಹುಲಿಯ ಉಗುರು ನೋಡಿ ಮಾಡಿದ್ದು ಎಂಬ ಕಥೆಯೂ ಇದೆ. ಬಾಗಿದ ಬಾಯಿಯ ಗುಣ ನಮ್ಮ ಹುಲ್ಲುಕತ್ತಿಯದ್ದೇ: ಎಳೆದಾಗ ಕೊಯ್ಯುವ ವಸ್ತು ಜಾರದೆ ಒಳಗೆ ಸಿಕ್ಕಿಬೀಳುತ್ತದೆ.

ಇನ್ನು ಅಳತೆ. ಅವನ ಅಂಗೈಗೆ ಸ್ಕೇಲ್ ಹಿಡಿದೆ. ನಾಲ್ಕು ಬೆರಳಿನ ಬುಡದ ಅಗಲ ಎಷ್ಟೋ, ಹಿಡಿಯಲ್ಲಿ ಅಷ್ಟು ಜಾಗ ಬೇಕು. ಕಡಿಮೆಯಾದರೆ ಬೆರಳು ಅಲಗಿನ ಕಡೆಗೆ ಜಾರುತ್ತದೆ. ಮಡಚಿದಾಗ ಅಲಗಿನ ತುದಿ ಪೂರ್ತಿ ಹಿಡಿಯೊಳಗೆ ಅಡಗಬೇಕು, ಇಲ್ಲದಿದ್ದರೆ ಮೊದಲು ಕೊಯ್ಯುವುದು ನಮ್ಮ ಕಿಸೆಯನ್ನೇ. ಕೇಬಲಿಗೆ 2ರಿಂದ 2.5 ಇಂಚಿನ ಅಲಗು ಧಾರಾಳ. ಹರಿತ ಒಳಬದಿಯಲ್ಲಿ ಮಾತ್ರ ಇರಬೇಕು, ಎರಡೂ ಬದಿ ಹರಿತ ಇರುವುದು ಕೆಲಸದವನಿಗೆ ಬೇಡ.

ಲಾಕ್ ಮುಖ್ಯ. ಹೆಚ್ಚಿನವುಗಳಲ್ಲಿ ಹಿಡಿಯ ಒಳಗಿನ ತೆಳು ತಗಡು ಅಲಗು ಬಿಚ್ಚಿದಾಗ ಅದರ ಬುಡಕ್ಕೆ ಬಂದು ಅಡ್ಡ ನಿಲ್ಲುತ್ತದೆ. ನಮ್ಮ ಕಡೆಗೆ ಎಳೆದು ಕೊಯ್ಯುವಾಗ ಅದರ ಮೇಲೆ ಭಾರ ಬೀಳುವುದಿಲ್ಲ. ಕೊಕ್ಕೆ ಎಲ್ಲಾದರೂ ಸಿಕ್ಕಿ, ಬಿಡಿಸಲು ಹಿಂದೆ ದೂಡಿದಾಗ ಪೂರ್ತಿ ಭಾರ ಆ ತಗಡಿಗೆ. ಅಗ್ಗದ ಚಾಕು ಆಗಲೇ ಮಡಚಿಕೊಂಡು ಬೆರಳಿನ ಮೇಲೆ ಬೀಳುತ್ತದೆ. ಬಿಚ್ಚಿದ ಅಲಗು ಸ್ವಲ್ಪವಾದರೂ ಅಲ್ಲಾಡಿದರೆ ಕೊಳ್ಳಬಾರದು. ಹರಿತ ಹೋದರೆ ಮನೆಯ ಚಪ್ಪಟೆ ಕಲ್ಲಿನಲ್ಲಿ ಮಸೆಯಲು ಆಗುವುದಿಲ್ಲ, ಒಳಬಾಗಿಗೆ ಉರುಟು ಕಲ್ಲೇ ಬೇಕು.

ಕೊನೆಗೆ ಬಳೆ. ಅವನಿಗೆ ಇಷ್ಟವಾದದ್ದೇ ಅದು, ಬೆರಳಿನಲ್ಲಿ ಗಿರಗಿರ ತಿರುಗಿಸಬಹುದಲ್ಲ! ಬಳೆ ಇದ್ದರೆ ಚಾಕು ಕೈಯಿಂದ ಬೀಳುವುದಿಲ್ಲ, ನಿಜ. ಆದರೆ ಡಿಪ್ಲೊಮಾದ ಮೊದಲ ವರ್ಷ ಲೇತ್ ಮುಟ್ಟುವ ಮೊದಲು ನಮ್ಮ ಕೈಯಿಂದ ಉಂಗುರ, ವಾಚು ತೆಗೆಸಿದ್ದರು. ಉಂಗುರ ಸಿಕ್ಕಿಬಿದ್ದರೆ ಬೆರಳಿನ ಚರ್ಮವೇ ಕಳಚಿ ಬರುತ್ತದೆ ಎಂದು. ಏಣಿಯ ಮೇಲೆ ನಿಂತವನು ಜಾರಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಏಣಿ ಹಿಡಿಯಬೇಕು. ಬಿಡಲು ಬಾರದ ಚಾಕು ಎಲೆಕ್ಟ್ರಿಷಿಯನ್ನನ ಬೆರಳಿಗೆ ಸಲ್ಲ.

"ಹಾಗಾದರೆ ಕೆಲಸಕ್ಕೆ ಬೇಡ, ಸುಮ್ಮನೆ ಕಿಸೆಯಲ್ಲಿ ಇಟ್ಟುಕೊಳ್ಳುತ್ತೇನೆ" ಎಂದ. ನನಗೆ ಹೆದರಿಕೆಯಾದದ್ದು ಆ ಮಾತಿಗೆ. 2016ರ ಶಸ್ತ್ರಾಸ್ತ್ರ ನಿಯಮದ ಪಟ್ಟಿಯಲ್ಲಿರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು. ಮನೆ, ಕೃಷಿ ಕೆಲಸಕ್ಕೆ ಮಾಡಿದವು ಅದರಿಂದ ಹೊರಗೆ. ಇವನ ಚಾಕು ಆ ಅಳತೆಗೆ ಬರುವುದಿಲ್ಲ. ಆದರೆ ಸುಳ್ಯಕ್ಕೋ ಪುತ್ತೂರಿಗೋ ಹೋಗುವಾಗ ಗಡಿಯಲ್ಲಿ ಬೈಕ್ ನಿಲ್ಲಿಸಿದವರು ಸ್ಕೇಲ್ ತೆಗೆಯುವುದಿಲ್ಲ. ನಮ್ಮ ಹುಡುಗನ ಕಿಸೆಯಿಂದ ಹುಲಿಯುಗುರಿನಂಥ ಚಾಕು ಸಿಕ್ಕಿದರೆ ಅವರು ಕೇಳುವುದೂ ಉಪ್ಪ ಕೇಳಿದ ಪ್ರಶ್ನೆಯನ್ನೇ. ಉತ್ತರ ಇಲ್ಲದಿದ್ದರೆ ಚಾ ಕೊಡುವುದಿಲ್ಲ. ವೀಸಾಕ್ಕೆ ಕಾಯುವವನಿಗೆ ಒಂದು ಕೇಸು ಸಾಕು, ಅಕ್ಕನ ಐದಾರು ವರ್ಷದ ಕಾಯುವಿಕೆ ಮುಗಿದ ಹಾಗೆ. ಇದನ್ನು ಹೇಳಿದಾಗ ಅವನು ಮೊಬೈಲ್ ಮಡಿಲಲ್ಲಿ ಮಗುಚಿ ಇಟ್ಟ.

ಮುಂದಿನ ವಾರ ಇಬ್ಬರೂ ಕಾಸರಗೋಡಿಗೆ ಹೋದೆವು. ಕೇಬಲ್ ಕೆಲಸದವರ ಕೊಕ್ಕೆಬಾಯಿಯ ಚಾಕು ಸಿಕ್ಕಿತು. ಬಳೆ ಇಲ್ಲ, ಮಡಚುವುದಿಲ್ಲ, ಬಾಯಿಗೆ ಮುಚ್ಚಳ ಇದೆ. ತುದಿಯಲ್ಲಿ ಸಣ್ಣ ಗುಂಡಿನಂಥದ್ದು ಇರುವುದರಿಂದ ಸಿಪ್ಪೆ ಸೀಳುವಾಗ ಒಳಗಿನ ತಂತಿಗೆ ತಾಗುವುದಿಲ್ಲ. ಆಟದಲ್ಲಿ ಕಂಡ ಚಂದ ಅದಕ್ಕಿಲ್ಲ. ಅವನ ಮುಖ ಸ್ವಲ್ಪ ಸಣ್ಣದಾಯಿತು, ಆದರೂ ತೆಗೆದುಕೊಂಡ. ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡ, ಚೆಕ್‌ಇನ್ ಪೆಟ್ಟಿಗೆಯಲ್ಲೇ ಇಡು ಎಂದು ಎರಡು ಸಲ ಹೇಳಿದೆ.

ಮನೆಗೆ ಬಂದಾಗ ಉಪ್ಪ ಜಗಲಿಯಲ್ಲಿದ್ದರು. ಈಗ ಅಂಗಡಿಗೆ ಹೋಗುವುದಿಲ್ಲ, ಕಣ್ಣು ಮಂಜು. ಚಾಕು ತೆಗೆದುಕೊಂಡು ಹಿಡಿಯನ್ನು ಅಂಗೈಯಲ್ಲಿ ತೂಗಿ ನೋಡಿದರು.

"ಎಂತ ಕೊಯ್ಯಲಿಕ್ಕೆ ಮೋನೇ?"

"ಕೇಬಲ್, ಉಪ್ಪಾಪ."

ಉಪ್ಪ ತಲೆಯಾಡಿಸಿ, ಹಿಡಿಯನ್ನು ಅವನ ಕಡೆಗೆ ತಿರುಗಿಸಿ ವಾಪಸು ಕೊಟ್ಟರು.