ಷಡ್ಜ ಸಿಗದ ಸಂಜೆ

ಸಂಗೀತವನ್ನು ಯಾವ ಭಂಗಿಯಲ್ಲಿ ಕೇಳಬೇಕೆಂಬ ಬಗ್ಗೆ ನಮ್ಮ ಹಿರಿಯರು ಅಷ್ಟಾಗಿ ತಲೆ ಕೆಡಿಸಿಕೊಂಡಂತಿಲ್ಲ. ಹಾಡುವವನು ಹೇಗೆ ಕೂರಬೇಕು, ತಂಬೂರಿಯನ್ನು ಹೇಗೆ ಹಿಡಿಯಬೇಕು, ಬಾಯಿ ಎಷ್ಟು ತೆರೆಯಬೇಕು, ಎಲ್ಲಕ್ಕೂ ಕಟ್ಟಳೆ ಉಂಟು. ಕೇಳುವವನನ್ನು ಮಾತ್ರ ಅವನ ಪಾಡಿಗೆ ಬಿಟ್ಟಿದ್ದಾರೆ. ಈ ಸ್ವಾತಂತ್ರ್ಯವನ್ನು ನಮ್ಮ ಮಣ್ಣೂರಿನವರಷ್ಟು ಮನಸಾರೆ ಉಂಡವರು ವಿರಳ. ಅಮಾಸಿ ರಾತ್ರಿಯ ಭಜನೆಗೆ ಬಂದವರಲ್ಲಿ ಒಬ್ಬ ಗೋಡೆಗೊರಗುತ್ತಾನೆ, ಒಬ್ಬ ಕಂಬಕ್ಕೆ, ಗೋಡೆಯೂ ಕಂಬವೂ ಸಿಗದವನು ಪಕ್ಕದವನಿಗೆ. ಕಡಕೋಳ ಮಡಿವಾಳಪ್ಪನವರ ತತ್ವಪದ ಮೂರನೆಯ ನುಡಿಗೆ ಬರುವಷ್ಟರಲ್ಲಿ ಹಿರೀಕರು ಕೆಲವರು ಟವೆಲ್ಲು ಸುತ್ತಿ ತಲೆಗಿಟ್ಟುಕೊಂಡು ಅಡ್ಡಾಗಿರುತ್ತಾರೆ. ನಿದ್ದೆ ಹೋದರೆಂದು ತಿಳಿಯಬೇಡಿ. ತಬಲಾದವನು ಒಂದು ಮಾತ್ರೆ ನುಂಗಿದರೆ ಕಣ್ಣು ಮುಚ್ಚಿಕೊಂಡೇ ‘ಹೂಂ?’ ಎನ್ನುತ್ತಾರೆ. ನಾನೂ ಈ ಒರಗುಪಂಥದವನೇ.

ಹೀಗಿರುವಾಗ ಲಂಡನ್ನಿನಲ್ಲಿರುವ ತಂಗಿಯ ಮಗಳು ಒಂದು ದಿನ ಹೇಳಿದಳು: “ಮಾಮಾ, ಎರಡು ತಾಸು ನಿಂದರಬೇಕಾಗ್ತದ. ಆಗ್ತದೋ ಇಲ್ಲೋ ಮದಲ ಹೇಳ್ರಿ.”

“ಯಾಕವಾ, ಅಷ್ಟು ದೊಡ್ಡ ಹಾಲಿನಾಗ ಕುರ್ಚಿ ಇಲ್ಲೇನು?”

“ಅವ. ಆದ್ರ ಅಲ್ಲಿ ನಿಂತು ಕೇಳೋರಿಗೇ ಮರ್ಯಾದಿ ಜಾಸ್ತಿ.”

ಅವಳ ಮಾತು ಸುಳ್ಳಲ್ಲ. ಪ್ರಾಮ್ಸ್ ಎಂದು ಅವರು ಕರೆಯುವ ಆ ಕಛೇರಿಗಳ ಸಾಲು 1895ರಲ್ಲಿ ಕ್ವೀನ್ಸ್ ಹಾಲ್‌ನಲ್ಲಿ ಆರಂಭವಾದಾಗ ರಾಬರ್ಟ್ ನ್ಯೂಮನ್ ಎಂಬ ವ್ಯವಸ್ಥಾಪಕನ ಮನಸ್ಸಿನಲ್ಲಿದ್ದದ್ದು ನಮ್ಮ ಜಾತ್ರೆಯಂಥದೇ ಒಂದು ಏರ್ಪಾಡು: ಅಗ್ಗದ ಟಿಕೀಟು, ಅಡ್ಡಾಡುತ್ತ ತಿನ್ನುತ್ತ ಸೇದುತ್ತ ಕೇಳಲು ಬಿಡುವು, ಜನರ ಕಿವಿಗೆ ಹಗುರಾದದ್ದರಿಂದ ಭಾರವಾದದ್ದರ ಕಡೆಗೆ ಮೆಲ್ಲನೆ ರೂಢಿ ಹಾಕಿಸುವುದು. ನಡೆಸಿಕೊಟ್ಟವರು ಹೆನ್ರಿ ವುಡ್. 1941ರ ಮೇ ತಿಂಗಳಲ್ಲಿ ಜರ್ಮನರ ಬಾಂಬು ಕ್ವೀನ್ಸ್ ಹಾಲನ್ನು ಸುಟ್ಟುಹಾಕಿತು. ಕಛೇರಿಗಳು ಎದ್ದು ರಾಯಲ್ ಆಲ್ಬರ್ಟ್ ಹಾಲಿಗೆ ಬಂದವು. ಕಾಲ ಕಳೆದಂತೆ ಸೇದುವುದು ಹೋಯಿತು, ಅಡ್ಡಾಡುವುದು ಹೋಯಿತು, ನಿಲ್ಲುವುದೊಂದು ಉಳಿಯಿತು. ಆ ಹಾಳುಬಿದ್ದ ಹಾಲಿನ ಅವಶೇಷದಿಂದ ಎತ್ತಿ ತಂದ ವುಡ್ ಸಾಹೇಬರ ಕಂಚಿನ ಅರ್ಧಮೂರ್ತಿಯನ್ನು ಪ್ರತಿ ವರ್ಷ ಈ ದಿನಗಳಲ್ಲಿ ಆರ್ಗನ್ ವಾದ್ಯದ ಮುಂದೆ ಇಡುತ್ತಾರೆ. ಮೂರ್ತಿಯ ಮುಖದಲ್ಲಿ ಎಂಟು ವಾರ ದಿನಾ ಸಂಜೆ ಪುಕ್ಕಟೆ ಕೇಳುವವನ ನೆಮ್ಮದಿ ಇದೆ.

ಇದೆಲ್ಲ ನಡೆಯುವುದು ಬೇಸಿಗೆಯಲ್ಲಿ. ಬೇಸಿಗೆ ಎಂದರೆ ಅವರ ಬೇಸಿಗೆ. ನಮ್ಮದು ಬೇರೆಯೇ ಜಾತಿಯದು. ಏಪ್ರಿಲ್ ಮೇ ತಿಂಗಳಲ್ಲಿ ಭೀಮಾ ನದಿಯ ಉಸುಕು ಬರಿಗಾಲಿಗೆ ಕಾವಲಿಯಾಗುತ್ತದೆ, ಮಧ್ಯಾಹ್ನ ಯಲ್ಲಮ್ಮನ ಗುಡಿಯ ಹಾಸುಗಲ್ಲಿನ ಮೇಲೆ ಭಕ್ತಿಗಿಂತ ಓಟವೇ ಮುಂದಾಗುತ್ತದೆ, ನಾಯಿಗಳು ನೀರಿನ ಮಡಿಕೆಯ ಒದ್ದೆ ಬುಡ ಬಿಟ್ಟು ಏಳುವುದಿಲ್ಲ. ಆಗ ಯಾರಾದರೂ ‘ಬರ್ರಿ, ಬ್ಯಾಸಗಿ ಸಂಗೀತ ಕೇಳೂಣು’ ಎಂದರೆ ಅವನಿಗೆ ಬಿಸಿಲು ಬಡಿದಿದೆ ಎಂದು ತಲೆಗೆ ಉಳ್ಳಾಗಡ್ಡಿ ರಸ ತಿಕ್ಕಿಯೇವು. ಲಂಡನ್ನಿನ ಜುಲೈ ಸಂಜೆಯಲ್ಲಿ ನಾನು ಸ್ವೆಟರ್ ಹಾಕಿಕೊಂಡಿದ್ದೆ. ಸುತ್ತಲಿನವರು ‘ಎಂಥ ಸೆಕೆ’ ಎಂದು ಕಾರ್ಯಕ್ರಮದ ಪುಸ್ತಕದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಸೂರ್ಯನೂ ಅಷ್ಟೆ, ಒಂಬತ್ತರವರೆಗೂ ಮನೆಗೆ ಹೋಗಲೊಲ್ಲದೆ ಹೈಡ್ ಪಾರ್ಕಿನ ಮರಗಳ ಮೇಲೆ ಕಾಲಹರಣ ಮಾಡುತ್ತಾನೆ. ಊರಲ್ಲಿ ಆ ಹೊತ್ತಿಗೆ ಹೆಸರು, ತೊಗರಿ ಬಿತ್ತಿ ಜನ ಆಕಾಶ ನೋಡುತ್ತಿರುತ್ತಾರೆ.

ಹಾಲ್ ದುಂಡಗಿದೆ. ಗಂಡನನ್ನು ಕಳೆದುಕೊಂಡ ರಾಣಿ ವಿಕ್ಟೋರಿಯಾ 1871ರಲ್ಲಿ ಅವನ ಹೆಸರಿನಲ್ಲಿ ತೆರೆದದ್ದು. ಎದುರಿಗೇ ಅವನ ಸ್ಮಾರಕ, ಹಿಂದೆ ಅವನ ಹೆಸರಿನದೇ ವಸ್ತುಸಂಗ್ರಹಾಲಯ. ಥೇಮ್ಸ್ ದಂಡೆಯ ನಮ್ಮ ಬಸವಣ್ಣನವರ ಮೂರ್ತಿಯೂ 2015ರಿಂದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಮೇಲೇ ಇದೆ. ಕಲಬುರಗಿ ಕಡೆಯಿಂದ ಹೋಗಿ ಲ್ಯಾಂಬೆತ್‌ನ ಮೇಯರ್ ಆಗಿದ್ದ ನೀರಜ್ ಪಾಟೀಲರು ಮುಂದೆ ನಿಂತು ಮಾಡಿಸಿದ್ದು. ಸ್ಥಾವರಕ್ಕಳಿವುಂಟೆಂದು ಸಾರಿದವರು ಸ್ಥಾವರವಾಗಿ ನಿಂತು ಹೊಳೆಯಾಚೆಯ ಪಾರ್ಲಿಮೆಂಟನ್ನು ನೋಡುತ್ತಿದ್ದಾರೆ. ಇರಲಿ, ಹಾಲಿನ ಮಾತಿಗೆ ಬರೋಣ. ಅದರ ಗುಮ್ಮಟಕ್ಕೆ ಮೊದಲಿನಿಂದಲೂ ಒಂದು ರೋಗವಿತ್ತು, ಪ್ರತಿಧ್ವನಿ. ಬ್ರಿಟಿಷ್ ಸಂಗೀತಕಾರನಿಗೆ ತನ್ನ ಕೃತಿ ಎರಡು ಸಲ ಕೇಳಿಸುವ ಖಾತ್ರಿ ಇರುವುದು ಇಲ್ಲಿ ಮಾತ್ರ ಎಂದು ಹಳೆಯ ಚೇಷ್ಟೆ. 1969ರಲ್ಲಿ ಚಾವಣಿಯಿಂದ ದೊಡ್ಡ ದೊಡ್ಡ ತಟ್ಟೆಗಳನ್ನು ಇಳಿಬಿಟ್ಟು ಆ ಮಾರ್ದನಿಯನ್ನು ಪಳಗಿಸಿದರು. ಅಣಬೆಗಳೆಂದೇ ಅವಕ್ಕೆ ಹೆಸರು. ಸಂಗೀತ ಬೇಸರವಾದರೆ ಎಣಿಸುತ್ತ ನಿಲ್ಲಲು ಬಹಳ ಅನುಕೂಲ.

ಮೊದಲ ಭಾಗದಲ್ಲಿ ಪಿಯಾನೊ ಇತ್ತು. ಅದರ ಮುಚ್ಚಳ ಎತ್ತುವಾಗ ಕೆಳಗೆ ನಿಂತವರೆಲ್ಲ ಒಂದು ದನಿಯಲ್ಲಿ ‘ಎತ್ತು’ ಎಂದು ಕೂಗಿದರು, ಮೇಲಿನ ಅಟ್ಟದವರು ‘ಹೋ’ ಎಂದರು. ಇಷ್ಟು ಶಿಸ್ತಿನ ಜನರೊಳಗೆ ತೇರು ಎಳೆಯುವವನೊಬ್ಬ ಅಡಗಿದ್ದಾನೆಂದು ತಿಳಿದು ನನಗೆ ಬಹಳ ಸಮಾಧಾನವಾಯಿತು. ಪಿಯಾನೊ ಚೆನ್ನಾಗಿಯೇ ಇತ್ತು. ಆ ಹೊತ್ತಿನಲ್ಲಿ ನಾನು ಹೆಚ್ಚಾಗಿ ನನ್ನ ಎಡಗಾಲಿನ ಜೊತೆ ಮಾತುಕತೆಯಲ್ಲಿದ್ದೆ.

ವಿರಾಮದಲ್ಲಿ ಪಕ್ಕದ ಮುದುಕರೊಬ್ಬರು ನಾನು ಎಲ್ಲಿಯವನೆಂದು ಕೇಳಿದರು. ನಾನು ಮೈಸೂರು ಮಹಾರಾಜರ ಕಥೆಯನ್ನೇ ಹೊರಗೆ ತೆಗೆದೆ. ಜಯಚಾಮರಾಜೇಂದ್ರ ಒಡೆಯರ್ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ಬಡತನದಲ್ಲಿದ್ದ ರಷ್ಯದ ಮೆಟ್ನರ್‌ನ ಸಂಗೀತವನ್ನು ಧ್ವನಿಮುದ್ರಿಸಲು ಹಣ ಕೊಟ್ಟವರು. ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು ಅವನು ತೀರಿಕೊಂಡ ಮೇಲೆ 1950ರ ಮೇ 22ರಂದು ಮೊದಲ ಬಾರಿ ಕೇಳಿಬಂದದ್ದು ಇದೇ ಆಲ್ಬರ್ಟ್ ಹಾಲಿನಲ್ಲಿ, ಅದೂ ನಮ್ಮ ಮಹಾರಾಜರು ಖರ್ಚಿಗೆ ಜಾಮೀನು ನಿಂತದ್ದರಿಂದ. ಮುದುಕರ ಹುಬ್ಬು ಮೇಲೇರಿತು. ‘ನಮ್ಮ ಮಹಾರಾಜರು’ ಎಂದಾಗ ನನ್ನ ಎದೆಯೂ ಎರಡು ಅಂಗುಲ ಏರಿತೆನ್ನಿ. ಮಹಾರಾಜರು ಆ ಸೊಸೈಟಿಯ ಗದ್ದುಗೆಗೇರಿದ 1948ರಲ್ಲಿ ನಮ್ಮಜ್ಜ ಇನ್ನೂ ನಿಜಾಮರ ಪ್ರಜೆ, ಮೈಸೂರು ಅವನ ಪಾಲಿಗೆ ಊದಿನಕಡ್ಡಿಯ ಪೊಟ್ಟಣದ ಮೇಲಿನ ಒಂದು ಹೆಸರು. 1956ರಲ್ಲಿ ರಾಜ್ಯಗಳು ಒಂದಾಗಿ ಅದೇ ಮಹಾರಾಜರು ರಾಜ್ಯಪಾಲರಾಗಿ ಮಣ್ಣೂರಿಗೂ ದೊರೆತರು. ಹಿಂಬಾಕಿ ಅಭಿಮಾನ ವಸೂಲು ಮಾಡಲು ಅಷ್ಟು ದಾಖಲೆ ಸಾಕು.

ಆಮೇಲೆ ಶುರುವಾಯಿತು ವಾನ್ ವಿಲಿಯಮ್ಸ್‌ನ ಐದನೆಯ ಸಿಂಫನಿ.

ಇದು ಇದೇ ಹಾಲಿನಲ್ಲಿ, ಇದೇ ಪ್ರಾಮ್ಸ್‌ನಲ್ಲಿ ಹುಟ್ಟಿದ ಕೂಸು: 1943ರ ಜೂನ್ 24. ಹೊರಗೆ ಯುದ್ಧ, ವೇದಿಕೆಯ ಮೇಲೆ ಎಪ್ಪತ್ತು ವರ್ಷದ ಸಂಗೀತಕಾರನೇ ಕೋಲು ಹಿಡಿದಿದ್ದ. ಅವನ ನಾಲ್ಕನೆಯ ಸಿಂಫನಿ ಹಲ್ಲು ಕಡಿಯುವಂಥದು. ಯುದ್ಧದ ನಡುವೆ ಐದನೆಯದೂ ಗುಡುಗೀತೆಂದು ಬಂದವರ ಮುಂದೆ ಅವನು ಇಟ್ಟದ್ದು ಇದನ್ನು. ಮೊದಲಿಗೆ ಸೆಲ್ಲೊ, ಬಾಸ್‌ಗಳು ತಳದಲ್ಲಿ ಒಂದೇ ಸ್ವರ ಹಿಡಿದು ನಿಲ್ಲುತ್ತವೆ. ಶ್ರುತಿ ಹಿಡಿದರು, ಇನ್ನು ಗಟ್ಟಿ ನೆಲ ಸಿಕ್ಕಿತು ಎಂದು ನನ್ನ ಭಜನೆಯ ಕಿವಿ ಪದ್ಮಾಸನ ಹಾಕಿತು. ಅಷ್ಟರಲ್ಲಿ ಮೇಲಿನಿಂದ ಎರಡು ಹಾರ್ನ್‌ಗಳು ಮೆತ್ತಗೆ ಕರೆದವು. ಕರೆಯುವುದು ಬೇರೆ ಶ್ರುತಿಯಿಂದ! ಕೆಳಗೆ ಹಿಡಿದದ್ದು ‘ಸಿ’, ಮೇಲಿನವರು ಇರುವುದು ‘ಡಿ’ಯ ಊರಲ್ಲಿ. ಯಾವುದು ಷಡ್ಜ? ಹಾರ್ಮೋನಿಯಂನವನು ಕಪ್ಪು ಎರಡು ಎಂದು ಹೇಳಿಯೇ ಪದ ಎತ್ತುವ ನಮ್ಮಲ್ಲಿ ಇಂಥದಕ್ಕೆ ಭಜನೆಯನ್ನೇ ನಿಲ್ಲಿಸಿ ಪಂಚಾಯಿತಿ ಕೂಡುತ್ತಿತ್ತು. ಇಲ್ಲಿ ಯಾರಿಗೂ ಅವಸರವಿಲ್ಲ. ತಂತಿಗಳು ಎರಡೂ ಊರಿನ ನಡುವಿನ ಗಡಿಯಲ್ಲಿ ದನ ಮೇಯಿಸುತ್ತ ಹೊರಟವು. ಸ್ವಲ್ಪ ಹೊತ್ತು ನಾನು ಷಡ್ಜವನ್ನು ಹುಡುಕಿದೆ. ಆಮೇಲೆ ಹುಡುಕುವುದನ್ನು ಬಿಟ್ಟೆ. ಬಿಟ್ಟ ಕ್ಷಣದಿಂದ ಎಡಗಾಲಿನ ನೋವು ನೆನಪಿಗೆ ಬರಲಿಲ್ಲ.

ಒಂದು ಭಾಗ ಮುಗಿದರೆ ಚಪ್ಪಾಳೆಯಿಲ್ಲ; ಕೃತಿ ಪೂರ್ತಿ ಮುಗಿಯುವವರೆಗೆ ಮೆಚ್ಚುಗೆಯನ್ನು ಬಾಯಲ್ಲೇ ಇಟ್ಟುಕೊಂಡಿರಬೇಕು. 5,000ಕ್ಕೂ ಹೆಚ್ಚು ಜನ ತಡೆದುಕೊಂಡಿದ್ದ ಕೆಮ್ಮನ್ನು ಆ ಸಂದಿನಲ್ಲಿ ಒಟ್ಟಿಗೇ ಬಿಚ್ಚುತ್ತಾರೆ. ಆ ಕೆಮ್ಮುಜಾತ್ರೆಗೂ ಒಂದು ಲಯವಿದೆ: ಮೊದಲು ಗಂಡಸರು, ಆಮೇಲೆ ಹೆಂಗಸರು, ಕಡೆಗೆ ದೂರದ ಅಟ್ಟದಿಂದ ಒಂದು ಒಂಟಿ ಸೀನು. ಎರಡನೆಯ ಭಾಗ ತುಂಟ ಹುಡುಗರಂತೆ ಓಡಿಹೋಯಿತು. ಮೂರನೆಯದಕ್ಕೆ ರೊಮಾಂಜಾ ಎಂದು ಹೆಸರು. ತಂತಿಗಳು ನೀರಿನ ಹಾಗೆ ಹರಡಿಕೊಂಡ ಮೇಲೆ ಕೋರ್ ಆಂಗ್ಲೇ ಎಂಬ ಉದ್ದನೆಯ ಊದುವಾದ್ಯ ಒಬ್ಬಂಟಿಯಾಗಿ ಬಾಯಿ ತೆರೆಯುತ್ತದೆ. ಶಹನಾಯಿಯ ದಾಯಾದಿಯೇ ಅದು, ಆದರೆ ಮದುವೆಗೆ ಹೋಗುವ ಉಮೇದಿಲ್ಲ. ಅದು ಒಂದು ಸಾಲು ಹೇಳಿ ಉಸಿರು ತೆಗೆದುಕೊಂಡಾಗ ನನ್ನ ಗಂಟಲಿಗೆ ‘ವಾಹ್’ ಬಂದು ನಿಂತಿತು. ಅದರ ಹಿಂದೆಯೇ ‘ಕ್ಯಾ ಬಾತ್ ಹೈ’ ತಯಾರಾಗಿತ್ತು. ಸೋದರಸೊಸೆ ನನ್ನ ಸ್ವೆಟರಿನ ತೋಳು ಹಿಡಿದಳು. ನುಂಗಿದೆ. ನುಂಗಿದ ‘ವಾಹ್’ ಬಿಟ್ಟ ‘ವಾಹ್’ಗಿಂತ ಬಹಳ ಹೊತ್ತು ಒಳಗೆ ಓಡಾಡುತ್ತದೆಂಬುದು ನನಗೆ ಹೊಸ ವಿಷಯ.

ಈ ವಾನ್ ವಿಲಿಯಮ್ಸ್ ಡಾರ್ವಿನ್ನನ ಮನೆತನದ ಸಂಬಂಧಿ, ಉಳ್ಳವರ ಮನೆಯ ಮಗ. 1903ರ ಡಿಸೆಂಬರಿನಲ್ಲಿ ಎಸೆಕ್ಸ್‌ನ ಇಂಗ್ರೇವ್ ಎಂಬ ಹಳ್ಳಿಯಲ್ಲಿ ಒಬ್ಬ ಮುದಿ ಕೂಲಿಯವನು ಹಾಡಿದ್ದನ್ನು ಕೇಳಿದ್ದೇ ನೆಪ, ಆಮೇಲೆ ಹಳ್ಳಿ ಹಳ್ಳಿ ತಿರುಗಿ 800ಕ್ಕೂ ಹೆಚ್ಚು ಹಾಡು ಬರೆದುಕೊಂಡ. ನಮ್ಮ ಭೀಮೆಯ ಸೀಮೆಯಲ್ಲೂ ಇಂಥ ಹುಚ್ಚರಿದ್ದರು. ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರು ಬೀಸುಕಲ್ಲಿನ ಮುಂದಿನ ಹಾಡುಗಳಿಗೆ ಕಿವಿಗೊಟ್ಟು 1931ರಲ್ಲಿ ‘ಗರತಿಯ ಹಾಡು’ ತಂದರು. ಹಲಸಂಗಿಯವರಿಗೆ ಸಿಕ್ಕದ್ದು ಮಾತು, ಅದು ಪುಸ್ತಕವಾಯಿತು. ಇವನು ಹಿಡಿದದ್ದು ಧಾಟಿ. ಅದು ಅವನ ರಕ್ತಕ್ಕಿಳಿದು ನಲವತ್ತು ವರ್ಷದ ಮೇಲೆ ಸಿಂಫನಿಯಲ್ಲಿ ನಡಿಗೆಯಾಗಿ ಬಂತು. ಐದನೆಯ ಸಿಂಫನಿಯಲ್ಲಿ ಯಾವ ಹಳ್ಳಿಯ ಹಾಡನ್ನೂ ಎತ್ತಿಟ್ಟಂತಿಲ್ಲ, ಆದರೆ ಎಲ್ಲವೂ ಯಾರೋ ಹೊಲಕ್ಕೆ ಹೋಗುತ್ತ ಗುನುಗಿದಂತಿದೆ. ನಮ್ಮ ಬೀಸುವ ಕಲ್ಲಿನ ಧಾಟಿಗೂ ನಾಲ್ಕು ದಶಕ ತಾಳ್ಮೆಯಿಂದ ಕಾಯುವವನೊಬ್ಬ ಸಿಕ್ಕಿದ್ದರೆ ಎಂದು ಅಣಬೆಗಳನ್ನು ನೋಡುತ್ತ ಅಂದುಕೊಂಡೆ. ಈಗ ಗಿರಣಿ ಬಂದಿದೆ. ಗಿರಣಿಯ ಸದ್ದಿನಲ್ಲಿ ಯಾರೂ ಹಾಡುವುದಿಲ್ಲ.

ನಾಲ್ಕನೆಯ ಭಾಗದಲ್ಲಿ ಸೆಲ್ಲೊಗಳು ಒಂದು ಪಲ್ಲವಿ ಹೇಳುತ್ತವೆ, ಅದರ ಮೇಲೆ ಮಿಕ್ಕವರು ಒಬ್ಬೊಬ್ಬರಾಗಿ ಬೇರೆ ಬೇರೆ ನುಡಿ ಕೂಡಿಸುತ್ತಾರೆ. ಭಜನೆಯ ಮೇಳದಲ್ಲಿ ಬೆಳೆದವನಿಗೆ ಇದಕ್ಕಿಂತ ಗುರುತಿನ ಜಾಗ ಬೇಕೆ? ನಾನು ಪಲ್ಲವಿ ಹಿಡಿದು ತಲೆದೂಗುತ್ತಿದ್ದಂತೆ ಮೊದಲಿನ ಹಾರ್ನ್ ಕರೆ ತಿರುಗಿ ಬಂತು, ಈ ಸಲ ಇಡೀ ವಾದ್ಯವೃಂದ ಅದರ ಬೆನ್ನಿಗಿತ್ತು. ಆಮೇಲೆ ಡಿಯ ಊರಿಗೇ ಎಲ್ಲರೂ ಬಂದು ಸೇರಿದರು. ಷಡ್ಜ ಸಿಕ್ಕಿತು. ನಿಜ ಹೇಳಬೇಕೆಂದರೆ ಸಿಗದೆ ಅಲೆಯುತ್ತಿದ್ದ ಹೊತ್ತೇ ಹೆಚ್ಚು ಸೊಗಸಾಗಿತ್ತು ಎಂದು ಆ ಸ್ವರ್ಗೀಯ ಮುಕ್ತಾಯದಲ್ಲಿ ನನಗೊಂದು ಸಣ್ಣ ತಕರಾರು. ಚಪ್ಪಾಳೆ ಬಿದ್ದಾಗ ಪಕ್ಕದ ಮುದುಕರು ಕಣ್ಣೊರೆಸಿಕೊಳ್ಳುತ್ತ ‘ಹೇಗಿತ್ತು’ ಎಂದರು. ‘ಕಾಲು ನೋಯಲಿಲ್ಲ’ ಎಂದೆ. ಅದನ್ನು ಅವರು ಬಹಳ ದೊಡ್ಡ ವಿಮರ್ಶೆಯೆಂದು ತೆಗೆದುಕೊಂಡರು.

ಮರುದಿನ ಊರಿಂದ ಅಣ್ಣನ ಫೋನು ಬಂತು.

“ಏನ್ ಕೇಳಿದ್ಯೋ ತಮ್ಮಾ? ಹಾಡಿದವ್ರು ಯಾರು?”

“ಯಾರೂ ಹಾಡಲಿಲ್ಲಣ್ಣ. ಬರೇ ವಾದ್ಯ.”

“ಎಷ್ಟು ಮಂದಿ?”

“ಎಪ್ಪತ್ತು ಎಂಬತ್ತು ಮಂದಿ ಇರಬೇಕು.”

ಅಣ್ಣ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. “ಅಷ್ಟು ಮಂದ್ಯಾಗ ಒಬ್ಬಗೂ ಹಾಡ್ಲಾಕ ಬರಲಿಲ್ಲಂದ್ರ ರೊಕ್ಕ ವಾಪಸ್ ಕೊಡಬೇಕಾಗಿತ್ತಪಾ. ಕೇಳಲಿಲ್ಲೇನು?”