ಒಂದೇ ಹೆಸರಿನೊಳಗೆ ಎಷ್ಟು ಜೀವ?

ಅಂಟಾರ್ಕ್ಟಿಕಾದ ಕಡಲ ತಳದಲ್ಲಿ ಚಿಪ್ಪಿಲ್ಲದ ಒಂದು ಬಸವನಹುಳು ಇದೆ. ಬಿಳಿ ಇಲ್ಲವೇ ತಿಳಿ ಹಳದಿ ಮೈ, ಬೆನ್ನ ತುಂಬ ಸಣ್ಣ ಗಂಟುಗಳು, ಹಿಂಬದಿಯಲ್ಲಿ ಹೂವಿನಂತೆ ಅರಳಿದ ಕಿವಿರು. ತಿನ್ನುವುದು ಸ್ಪಂಜು. ಹೆಸರು ಡೋರಿಸ್ ಕೆರ್ಗೆಲೆನೆನ್ಸಿಸ್. ಹಳ್ಳಿಯ ಸುದ್ದಿ ಬರೆಯುವ ನಮಗೂ ಅದಕ್ಕೂ ಎಲ್ಲಿಯ ನಂಟು ಅಂತ ಕೇಳಬೇಡಿ. ಅದರ ಕಥೆ ಓದಿದಾಗ ನಮಗೆ ನೆನಪಾದದ್ದು ನಮ್ಮ ಊರುಗಳೇ.

ಬ್ರಿಟನ್ನಿನ ಚಾಲೆಂಜರ್ ಹಡಗು 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿ ಜೀವಿಗಳನ್ನು ಹೊತ್ತು ತಂದಿತು. ಹಿಂದೂ ಮಹಾಸಾಗರದ ದಕ್ಷಿಣದ ಕೆರ್ಗೆಲೆನ್ ದ್ವೀಪದ ಬಳಿ ಸಿಕ್ಕ ಈ ಹುಳುವಿಗೆ 1884ರಲ್ಲಿ ಹೆಸರಿಟ್ಟವರು ಡೆನ್ಮಾರ್ಕಿನ ವೈದ್ಯ ರುಡಾಲ್ಫ್ ಬರ್ಗ್. ಆಮೇಲೆ ಸಿಕ್ಕ ಕೆಲವು ಹುಳುಗಳಿಗೆ ಬೇರೆ ಹೆಸರು ಬಂದರೂ, ನೋಡಲು ಒಂದೇ ತರಹ ಇವೆಯೆಂದು ಕೊನೆಗೆ ಇದೇ ಹೆಸರಿಗೆ ಸೇರಿಸಿದರು.

2009ರಲ್ಲಿ ನೆರಿಡಾ ವಿಲ್ಸನ್ ಮತ್ತು ಸಂಗಡಿಗರು ಡಿಎನ್‌ಎ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಆ ಒಂದೇ ಹೆಸರಿನೊಳಗೆ 29 ಬೇರೆ ಬೇರೆ ವಂಶಗಳಿದ್ದವು! ಈ ಹುಳುವಿನ ಮರಿ ನೀರಲ್ಲಿ ತೇಲಿ ದೂರ ಹೋಗುವುದಿಲ್ಲ. ಮೊಟ್ಟೆಯಿಂದ ಬಂದದ್ದೇ ನೆಲ ಹಿಡಿದು ತೆವಳುತ್ತದೆ. ಹಿಮಯುಗದಲ್ಲಿ ಮಂಜು ಕಡಲ ತಳಕ್ಕೂ ಚಾಚಿದಾಗ ಅಲ್ಲಲ್ಲಿ ಉಳಿದ ಗುಂಪುಗಳು ತಮ್ಮಷ್ಟಕ್ಕೇ ಬೇರೆಯಾಗಿರಬೇಕು ಎನ್ನುವುದು ಅವರ ವಿವರಣೆ.

ಆದರೆ ಬೇರೆ ಅಂತ ಗೊತ್ತಾದರೆ ಸಾಲದು. ಹುಳುವನ್ನು ಕೊಯ್ದು ಒಳಗಿನ ಅಂಗಗಳನ್ನು ನೋಡಬೇಕು, ನಾಲಿಗೆಯ ಮೇಲಿನ ಹಲ್ಲಿನ ಸಾಲು ಎಣಿಸಬೇಕು. ಮದ್ಯಸಾರದಲ್ಲಿ ಬಣ್ಣ ಮಾಸುವುದರಿಂದ ಜೀವಂತ ಇರುವಾಗಲೇ ಫೋಟೊ ತೆಗೆದಿರಬೇಕು. ಎಲ್ಲಿ, ಎಷ್ಟು ಆಳದಲ್ಲಿ, ಯಾವತ್ತು ಸಿಕ್ಕಿತು ಎಂಬುದನ್ನು ಬರೆದು, ಹಳೆಯ ಮಾದರಿಗಳ ಜೊತೆ ಹೋಲಿಸಿ, ಒಂದು ಹುಳುವನ್ನು ಸಾಕ್ಷಿಯಾಗಿ ಸಂಗ್ರಹಾಲಯದಲ್ಲಿಟ್ಟು ಪ್ರಕಟಿಸಬೇಕು. ಅನುಮಾನ ಇರುವವರು ನಾಳೆ ಹೋಗಿ ನೋಡಬಹುದು. ಎಲ್ಲಿ, ಯಾವಾಗ, ಯಾರು ಅಂತ ಕೇಳುವುದನ್ನು ಕಲಿತ ನಮಗೆ ಈ ಶಿಸ್ತು ಬಹಳ ಹಿಡಿಸಿತು.

ನಮ್ಮಲ್ಲೂ ಒಂದು ಗ್ರಾಮದ ಹೆಸರಿನಡಿ ನಾಲ್ಕಾರು ಹಟ್ಟಿ, ತಾಂಡಾ, ಕೇರಿಗಳಿರುತ್ತವೆ. ಕಡತದಲ್ಲಿ ‘ಗ್ರಾಮಕ್ಕೆ ನೀರು ಪೂರೈಸಲಾಗಿದೆ’ ಅಂತ ಬರೆದರೆ ಮುಗಿಯಿತು. ನಲ್ಲಿ ಒಣಗಿರುವ ಹಟ್ಟಿ ಅದರೊಳಗೆ ಕಾಣುವುದಿಲ್ಲ.

ಆ ಹುಳುಗಳ ಪಾಡೂ ಅಷ್ಟೇ. ಅಂಟಾರ್ಕ್ಟಿಕಾದ ಕಡಲು ಬಿಸಿಯಾಗುತ್ತಿದೆ. ಯಾವುದೋ ಒಂದು ಕೊಲ್ಲಿಯಲ್ಲಷ್ಟೇ ಇರುವ ವಂಶ ನಾಳೆ ಅಳಿದರೂ ಪಟ್ಟಿಯಲ್ಲಿ ಡೋರಿಸ್ ಕೆರ್ಗೆಲೆನೆನ್ಸಿಸ್ ಕ್ಷೇಮವಾಗಿಯೇ ಇರುತ್ತದೆ. ಹಲ್ಲು ಎಣಿಸುತ್ತಾ ವರ್ಷಗಟ್ಟಲೆ ಕೂರುವವರ ಕೆಲಸ ನಮಗೆ ದೊಡ್ಡದಾಗಿ ಕಂಡದ್ದು ಅದಕ್ಕೇ.